ಒಂದು ರೇಡಿಯೋದ ಮಾತು ಇನ್ನೊಂದಕ್ಕೆ ಕೇಳಿಸುವುದು ಹೇಗೆ?

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಎರಡು ಗೋಪುರಗಳಿಗೆ ವಿಮಾನಗಳು ಅಪ್ಪಳಿಸಿದವು. 9 ಗಂಟೆ 59 ನಿಮಿಷಕ್ಕೆ ದಕ್ಷಿಣ ಗೋಪುರ ಕುಸಿಯಿತು. 10 ಗಂಟೆ 8 ನಿಮಿಷಕ್ಕೆ ಪೊಲೀಸ್ ಹೆಲಿಕಾಪ್ಟರಿನ ಪೈಲಟ್ ಒಬ್ಬರು, ಉತ್ತರ ಗೋಪುರವೂ ಹೆಚ್ಚು ಹೊತ್ತು ನಿಲ್ಲುವಂತೆ ಕಾಣುತ್ತಿಲ್ಲವೆಂದು ತಮ್ಮ ರೇಡಿಯೋದಲ್ಲಿ ತಿಳಿಸಿದರು. ಆ ಗೋಪುರ ಕುಸಿದದ್ದು 10 ಗಂಟೆ 28 ನಿಮಿಷಕ್ಕೆ. ನಡುವೆ 20 ನಿಮಿಷಗಳಿದ್ದವು. ಪೈಲಟ್ ಹೇಳಿದ್ದು ಪೊಲೀಸ್ ಜಾಲದಲ್ಲಿ ಹೋಯಿತು. ಅದೇ ಗೋಪುರದ ಮೆಟ್ಟಿಲುಗಳಲ್ಲಿದ್ದ ಅಗ್ನಿಶಾಮಕ ದಳದವರ ರೇಡಿಯೋಗಳು ಬೇರೆ ಜಾಲದವು. ಅವುಗಳಲ್ಲಿ ಅದು ಕೇಳಿಸುವಂತಿರಲಿಲ್ಲ. ಪಕ್ಕದ ಗೋಪುರ ಬಿದ್ದ ಸಂಗತಿಯೇ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಆ ದಿನ ಅಗ್ನಿಶಾಮಕ ದಳದ 343 ಮಂದಿ ಪ್ರಾಣ ಕಳೆದುಕೊಂಡರು.

ಇದಕ್ಕೆಲ್ಲ ಜಾಲಗಳು ಬೇರೆಯಾಗಿದ್ದುದೊಂದೇ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ಘಟನೆಯನ್ನು ಪರಿಶೀಲಿಸಿದ ರಾಷ್ಟ್ರೀಯ ಆಯೋಗದ 2004ರ ವರದಿಯನ್ನು ಓದಿದರೆ ಚಿತ್ರ ಇನ್ನಷ್ಟು ಜಟಿಲವಾಗಿ ಕಾಣುತ್ತದೆ. ಹೊರಗೆ ಬನ್ನಿ ಎಂಬ ಆದೇಶ ಅಗ್ನಿಶಾಮಕ ದಳದ ಸ್ವಂತ ಚಾನೆಲ್ಲಿನಲ್ಲೇ ಹೋಗಿತ್ತು. ಎತ್ತರದ ಕಟ್ಟಡದೊಳಗೆ ಸಂಕೇತ ಕ್ಷೀಣವಾಗಿ ಕೆಲವರಿಗೆ ಅದು ತಲುಪಲಿಲ್ಲ. ರಜೆಯಲ್ಲಿದ್ದು ಓಡಿಬಂದ ಕೆಲವರ ಬಳಿ ರೇಡಿಯೋವೇ ಇರಲಿಲ್ಲ. ಕೇಳಿಸಿಕೊಂಡವರಲ್ಲಿಯೂ ಕೆಲವರು ಇತರರಿಗಾಗಿ ನಿಂತರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಕಟ್ಟಡದ ಬಳಿ, ಕೂಗಳತೆಯಲ್ಲಿ ಕೆಲಸ ಮಾಡುವ ಎರಡು ತಂಡಗಳ ರೇಡಿಯೋಗಳು ಪರಸ್ಪರ ಮಾತನಾಡದಿರುವುದು ಏಕೆ? ಮಾತನಾಡಿಸುವುದು ಹೇಗೆ?

'ಏಕೆ' ಎಂಬುದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರದ ಪಠ್ಯದಲ್ಲಿಯೇ ಇದೆ. ರೇಡಿಯೋ ಸೆಟ್ಟಿನ ಆಂಟೆನ ಮತ್ತು ಶೋಧಕ ಮಂಡಲಗಳನ್ನು ಒಂದು ಕಿರಿದಾದ ಆವೃತ್ತಿ ಪಟ್ಟಿಗೆ ಶ್ರುತಿ ಮಾಡಿರುತ್ತಾರೆ. 150 ಮೆಗಾಹರ್ಟ್ಸ್ ಆವೃತ್ತಿಯ ತರಂಗದೂರ 2 ಮೀಟರು. ಕಾಲು ತರಂಗದೂರದ ಆಂಟೆನ ಅರ್ಧ ಮೀಟರು ಉದ್ದವಿರಬೇಕು. 800 ಮೆಗಾಹರ್ಟ್ಸ್‌ನಲ್ಲಿ ಅದೇ ಆಂಟೆನಕ್ಕೆ ಸುಮಾರು 9 ಸೆಂಟಿಮೀಟರು ಸಾಕು. ಒಂದರ ಮಾತು ಇನ್ನೊಂದರ ಕಿವಿಗೆ ಬೀಳುವುದೇ ಇಲ್ಲ. ಆವೃತ್ತಿ ಒಂದೇ ಆದರೂ ಮಾಡ್ಯುಲೇಷನ್ ಬೇರೆಯಿರಬಹುದು: ಒಬ್ಬರದು ಹಳೆಯ ಎಫ್.ಎಂ., ಇನ್ನೊಬ್ಬರದು ಅಂಕೀಯ ಸಂಕೇತ. ಅಮೆರಿಕದಲ್ಲಿ ಇದಕ್ಕೊಂದು ಸಮಾನ ಮಾನಕ ರೂಪಿಸಲು 1989ರಲ್ಲಿ 'ಪ್ರಾಜೆಕ್ಟ್ 25' ಆರಂಭವಾಯಿತು. ಯೂರೋಪಿನಲ್ಲಿ ಬಂದದ್ದು 'ಟೆಟ್ರಾ'. ಅವೆರಡೂ ಒಂದಕ್ಕೊಂದು ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು!

ಎಲ್ಲರಿಗೂ ಒಂದೇ ಬಗೆಯ ಹೊಸ ಸೆಟ್ಟುಗಳನ್ನು ಕೊಡಿಸುವುದು ಒಂದು ಉಪಾಯ. ಅದಕ್ಕೆ ಹಣ ಬೇಕು, ವರ್ಷಗಳು ಬೇಕು, ಆವೃತ್ತಿಯ ಪರವಾನಗಿಗಳು ಬೇಕು. ಇರುವ ಸೆಟ್ಟುಗಳನ್ನೇ ಜೋಡಿಸಲು ಸಾಧ್ಯವೆ? ಸಾಧ್ಯ. ಉಪಾಯವಂತೂ ಬಹಳ ಸರಳವಾದದ್ದು.

ಎರಡು ಮೊಬೈಲುಗಳ ಸ್ಪೀಕರ್ ಚಾಲೂ ಮಾಡಿ, ಒಂದರ ಬಾಯಿಗೆ ಇನ್ನೊಂದರ ಕಿವಿ ಬರುವಂತೆ ತಲೆಕೆಳಗಾಗಿ ಹಿಡಿದು, ಊರಿನ ಅಜ್ಜಿಗೂ ಪರದೇಶದ ಮೊಮ್ಮಗನಿಗೂ ಮಾತನಾಡಿಸಿದವರನ್ನು ನೀವು ಕಂಡಿರಬಹುದು. ಎರಡು ಫೋನುಗಳ ಕಂಪನಿ, ತಂತ್ರಜ್ಞಾನ ಏನೇ ಇರಲಿ, ಅದರಿಂದ ಬಾಧಕವಿಲ್ಲ. ಎಂಥ ರೇಡಿಯೋ ಆದರೂ ಕೊನೆಗೆ ಅದರಿಂದ ಹೊರಬರುವುದು ಧ್ವನಿ: 300ರಿಂದ 3000 ಹರ್ಟ್ಸ್‌ವರೆಗಿನ ವಿದ್ಯುತ್ ಆಂದೋಲನ. ಆವೃತ್ತಿ, ಮಾಡ್ಯುಲೇಷನ್, ಗೂಢಲಿಪಿ ಎಲ್ಲ ಕಳಚಿಹೋದ ಮೇಲೆ ಎಲ್ಲ ಜಾಲಗಳೂ ಸಮಾನವಾಗುವ ಜಾಗ ಅದು. ಜೋಡಿಸುವುದಾದರೆ ಅಲ್ಲಿಯೇ ಜೋಡಿಸಬೇಕು. ಪೊಲೀಸರ ಒಂದು ಸೆಟ್ಟು, ಅಗ್ನಿಶಾಮಕ ದಳದ ಒಂದು ಸೆಟ್ಟು, ಆಂಬುಲೆನ್ಸಿನದೊಂದು ತಂದು, ಒಂದರ ಸ್ಪೀಕರ್ ತಂತಿಯನ್ನು ಉಳಿದವುಗಳ ಮೈಕ್ ತಂತಿಗೆ ಸೇರಿಸುವ ಪೆಟ್ಟಿಗೆಯೇ 'ಗೇಟ್‌ವೇ'. ಅಮೆರಿಕದಲ್ಲಿ ಹೆಸರಾದ 'ಎಸಿಯು-1000' ಎಂಬ ಯಂತ್ರ ಈ ಜಾತಿಯದು.

ಯಂತ್ರಕ್ಕೆ ಮುಂಚೆ ಈ ಕೆಲಸವನ್ನು ಮನುಷ್ಯರು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಒಂದು ರೇಡಿಯೋದಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಪುನಃ ಹೇಳುವುದು. 2004ರ ಡಿಸೆಂಬರ್ 26ರ ಸುನಾಮಿಯ ವೇಳೆ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದು ಹೀಗೆ ಮಾತನ್ನು ದಾಟಿಸುವ ಕೆಲಸದಿಂದಲೇ. ಮನುಷ್ಯ ದಾಟಿಸಿದರೆ ನಿಧಾನ, ಮಾತು ಬದಲಾಗುವ ಭಯ. ಆದರೆ ಯಾವುದು ಮುಖ್ಯವೆಂಬ ವಿವೇಚನೆ ಇರುತ್ತದೆ. ಪೆಟ್ಟಿಗೆಗೆ ಅದಿಲ್ಲ.

ಮೊಬೈಲಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ಇಬ್ಬರೂ ಏಕಕಾಲಕ್ಕೆ ಮಾತನಾಡಬಹುದು. ವಾಕಿ-ಟಾಕಿಯಲ್ಲಿ ಗುಂಡಿ ಒತ್ತಿದಾಗ ಮಾತು, ಬಿಟ್ಟಾಗ ಕೇಳುವುದು. ಹಾಗಾದರೆ ಪೆಟ್ಟಿಗೆಯೊಳಗಿನ ಸೆಟ್ಟಿನ ಗುಂಡಿಯನ್ನು ಒತ್ತುವವರು ಯಾರು? ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು? ಗೇಟ್‌ವೇ ವಿನ್ಯಾಸದ ಕಷ್ಟವೆಲ್ಲ ಬಹುಮಟ್ಟಿಗೆ ಈ ಗುಂಡಿಯಲ್ಲಿದೆ.

ಒಳ್ಳೆಯ ದಾರಿಯೊಂದಿದೆ. ಎಫ್.ಎಂ. ಗ್ರಾಹಕಕ್ಕೆ ಸಂಕೇತ ಸಿಗದಿದ್ದಾಗ ಅದು 'ಸೊಂಯ್' ಎಂದು ಗದ್ದಲ ಮಾಡುತ್ತದೆ; ವಾಹಕ ತರಂಗ ಬಂದೊಡನೆ ಗದ್ದಲ ಅಡಗುತ್ತದೆ. ಧ್ವನಿಗಿಂತ ಮೇಲಿನ ಆವೃತ್ತಿಯ ಗದ್ದಲವನ್ನು ಅಳೆದು, ಅದು ತಗ್ಗಿದಾಗ ಮಾತ್ರ ಸ್ಪೀಕರನ್ನು ತೆರೆಯುವ ಮಂಡಲವೇ 'ಸ್ಕ್ವೆಲ್ಚ್'. ಈ ಮಂಡಲದ ಹೌದು-ಅಲ್ಲ ಸಂಕೇತವನ್ನು ತಂತಿಯ ಮೂಲಕ ಹೊರತಂದರೆ, ಒಂದು ಸೆಟ್ಟಿಗೆ ವಾಹಕ ತರಂಗ ಬಂದ ಕೂಡಲೇ ಇನ್ನೊಂದರ ಗುಂಡಿ ಒತ್ತಬಹುದು. ಸೆಟ್ಟಿನಲ್ಲಿ ಆ ತಂತಿ ಇಲ್ಲದಿದ್ದರೆ? ಆಗ ಧ್ವನಿಯನ್ನೇ ಗುರುತಿಸಿ ಗುಂಡಿ ಒತ್ತಬೇಕು. ಧ್ವನಿ ಇದೆಯೆಂದು ನಿರ್ಧರಿಸುವಷ್ಟರಲ್ಲಿ ಮಾತಿನ ಮೊದಲ ತುಣುಕು ಕಳೆದುಹೋಗಿರುತ್ತದೆ. ಎದುರಿನ ಜಾಲ ಚಾನೆಲ್ಲುಗಳನ್ನು ಹಂಚಿಕೊಡುವ ಬಗೆಯದಾದರೆ, ಗುಂಡಿ ಒತ್ತಿದ ಮೇಲೂ ಚಾನೆಲ್ ದೊರೆಯಲು ಕ್ಷಣಕಾಲ ಕಾಯಬೇಕು.

ಸೆಕೆಂಡಿಗೆ ಐದು ಅಕ್ಷರಗಳಂತೆ ಮಾತನಾಡಿದರೆ 0.4 ಸೆಕೆಂಡಿನಲ್ಲಿ ಎರಡು ಅಕ್ಷರ ಹೋಯಿತು. ಎರಡಕ್ಷರ ತಾನೆ ಎನ್ನಬೇಡಿ. ಇಂಗ್ಲಿಷಿನಲ್ಲಿ 'ಡೋಂಟ್ ಗೋ ಇನ್' ಎಂಬ ಎಚ್ಚರಿಕೆಯ ಮೊದಲ ಪದ ಹೋದರೆ ಉಳಿಯುವುದು 'ಗೋ ಇನ್'! ಕನ್ನಡದಲ್ಲಿ ನಿಷೇಧ ಕೊನೆಗೆ ಬರುತ್ತದೆ. 'ಒಳಗೆ ಹೋಗಬೇಡಿ' ಎಂಬುದರ ಮುಂಭಾಗ ಹೋದರೂ 'ಹೋಗಬೇಡಿ' ಉಳಿಯುತ್ತದೆ; ನಮಗೆ ಅಪಾಯವಿರುವುದು ಪೆಟ್ಟಿಗೆ ಗುಂಡಿಯನ್ನು ಬೇಗ ಬಿಟ್ಟಾಗ. ಹೀಗಾಗಿ ಒಂದು ಗೇಟ್‌ವೇಯನ್ನು ಪರೀಕ್ಷಿಸುವಾಗ ವಾಕ್ಯದ ಎರಡೂ ತುದಿಗಳನ್ನು ನೋಡಬೇಕು. ಪರಿಹಾರವೇನೆಂದರೆ, ಧ್ವನಿಯನ್ನು ಸ್ಮೃತಿಯಲ್ಲಿ ಅರೆಗಳಿಗೆ ತಡೆಹಿಡಿದು, ಚಾನೆಲ್ ದೊರೆತ ಮೇಲೆ ಮೊದಲಿನಿಂದ ಹರಿಯಬಿಡುವುದು. ಮಾತು ತಡವಾಗುತ್ತದೆ, ತುಂಡಾಗುವುದಿಲ್ಲ. ತರಗತಿಯಲ್ಲಿ ಇದನ್ನು ರೇಡಿಯೋ ಇಲ್ಲದೆಯೇ ತೋರಿಸಬಹುದು: ಹತ್ತು ಆದೇಶಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಪ್ರತಿಯೊಂದರ ಮೊದಲ 0.4 ಸೆಕೆಂಡನ್ನು ಕತ್ತರಿಸಿ ಕೇಳಿಸಿ, ವಿದ್ಯಾರ್ಥಿಗಳು ಏನು ಬರೆದುಕೊಂಡರೆಂದು ನೋಡಿ. ಆಮೇಲೆ ಕೊನೆಯ 0.4 ಸೆಕೆಂಡನ್ನು ಕತ್ತರಿಸಿ ನೋಡಿ.

ಒಂದೇ ಎರಡು ಜಾಲಗಳ ನಡುವೆ ಇಬ್ಬರು ಬೇರೆ ಬೇರೆ ಗೇಟ್‌ವೇಗಳನ್ನು ಹಾಕಿದರೆ ಇನ್ನೊಂದು ಪೀಡೆ. ಮೊದಲನೆಯದು ದಾಟಿಸಿದ ಮಾತನ್ನು ಎರಡನೆಯದು ಹಿಂದಕ್ಕೆ ದಾಟಿಸುತ್ತದೆ, ಅದನ್ನು ಮೊದಲನೆಯದು ಮತ್ತೆ ಮುಂದಕ್ಕೆ. ಗುಂಡಿಗಳು ಒತ್ತಿದಂತೆಯೇ ಉಳಿದು ಎರಡೂ ಚಾನೆಲ್ಲುಗಳು ಕಟ್ಟಿಕೊಳ್ಳುತ್ತವೆ. ನೆರವಿಗೆ ಬಂದ ಯಂತ್ರ ಇದ್ದ ಸಂಪರ್ಕವನ್ನೂ ಕೆಡಿಸಿತು ಎಂದಂತೆ.

ಪೆಟ್ಟಿಗೆಯ ಸೆಟ್ಟುಗಳನ್ನು ಒಂದೇ ವಾಹನದಲ್ಲಿ ಇಡುವುದೂ ಸುಲಭವಲ್ಲ. ಒಂದು ಲೆಕ್ಕ ಮಾಡೋಣ. ಒಳ್ಳೆಯ ಗ್ರಾಹಕವೊಂದು 50 ಓಮ್ ರೋಧದ ಮೇಲೆ 0.25 ಮೈಕ್ರೋವೋಲ್ಟ್ ಸಂಕೇತವನ್ನು ಗ್ರಹಿಸಬಲ್ಲದು. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ 1.25 × 10⁻¹⁵ ವಾಟ್. ಅದರ ಪಕ್ಕದಲ್ಲೇ 25 ವಾಟ್‌ನ ಪ್ರೇಷಕ. ಎರಡರ ಅನುಪಾತ 2 × 10¹⁶! ಪಕ್ಕದಲ್ಲಿ ನಗಾರಿ ಬಾರಿಸುವಾಗ ಸೂಜಿ ಬಿದ್ದ ಸದ್ದು ಕೇಳಬೇಕೆಂದಂತೆ. ಆವೃತ್ತಿಗಳು ಹತ್ತಿರವಿದ್ದರೆ ಗ್ರಾಹಕ ಕಿವುಡಾಗುತ್ತದೆ. ಆಂಟೆನಗಳನ್ನು ದೂರ ದೂರ ನಿಲ್ಲಿಸಬೇಕು, ತೀಕ್ಷ್ಣವಾದ ಶೋಧಕಗಳನ್ನು ಹಾಕಬೇಕು.

ಧ್ವನಿಯ ಮಟ್ಟ ಹೊಂದಿಸುವುದು ಇದಕ್ಕಿಂತ ಸಣ್ಣ ಕೆಲಸ, ಆದರೆ ಬಿಡುವಂತಿಲ್ಲ. 25 ಕಿಲೋಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ವಾಹಕದ ಆವೃತ್ತಿ ಅತ್ತಿತ್ತ 5 ಕಿಲೋಹರ್ಟ್ಸ್ ತೂಗಬಹುದು, 12.5 ಕಿಲೋಹರ್ಟ್ಸ್‌ನದರಲ್ಲಿ 2.5 ಮಾತ್ರ. ಹೊಂದಿಸದೆ ಜೋಡಿಸಿದರೆ ಒಂದು ಕಡೆ ಪಿಸುಮಾತು, ಇನ್ನೊಂದು ಕಡೆ ಅರಚಾಟ. ಅಂಕೀಯ ಜಾಲಗಳಲ್ಲಿ ಮತ್ತೊಂದು ತೊಡಕಿದೆ. ಪ್ರಾಜೆಕ್ಟ್ 25ರಲ್ಲಿ ಧ್ವನಿಯನ್ನು ಸೆಕೆಂಡಿಗೆ ಕೇವಲ 4400 ಬಿಟ್‌ಗಳಿಗೆ ಹಿಂಡುತ್ತಾರೆ. ಹಿಂಡಿದ್ದನ್ನು ಬಿಡಿಸಿ, ಬೇರೊಂದು ವಿಧಾನದಲ್ಲಿ ಮತ್ತೆ ಹಿಂಡಿದರೆ, ಗರಗಸದ ಸದ್ದಿನ ನಡುವೆ ಆಡಿದ ಮಾತು ಗುರುತು ಸಿಗದಂತಾಗಬಹುದು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಯಾವಾಗ ಜೋಡಿಸಬಾರದು ಎಂಬುದನ್ನು ತಿಳಿದಿರಬೇಕು. ಎರಡು ಚಾನೆಲ್ಲುಗಳಲ್ಲಿ ತಲಾ ನಿಮಿಷಕ್ಕೆ 24 ಸೆಕೆಂಡು ಮಾತು ನಡೆಯುತ್ತಿದೆ ಎಂದುಕೊಳ್ಳಿ. ಅಂದರೆ ಬಳಕೆ 0.4. ಜೋಡಿಸಿದರೆ ಎಲ್ಲರ ಮಾತೂ ಎರಡೂ ಕಡೆ ಹರಿದು ಬಳಕೆ 0.8 ಆಗುತ್ತದೆ. ಸರತಿಯ ಸರಳ ಸಿದ್ಧಾಂತದ ಪ್ರಕಾರ ಕಾಯುವ ಸಮಯವು, ಬಳಕೆಯನ್ನು ಉಳಿದ ಬಿಡುವಿನಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. ಮೊದಲು 0.4ನ್ನು 0.6ರಿಂದ ಭಾಗಿಸಿದರೆ 0.67, ಈಗ 0.8ನ್ನು 0.2ರಿಂದ ಭಾಗಿಸಿದರೆ 4. ಮಾತು ಇಮ್ಮಡಿ, ಕಾಯುವುದು ಆರು ಪಟ್ಟು. ಮೆಟ್ಟಿಲಲ್ಲಿ ಸಿಕ್ಕಿಕೊಂಡು ನೆರವಿಗಾಗಿ ಕರೆಯುವವನಿಗೆ ಆ ಸರತಿ ಬಹಳ ದೊಡ್ಡದು. ಆದ್ದರಿಂದ ಎಲ್ಲರನ್ನೂ ಎಲ್ಲರಿಗೂ ಜೋಡಿಸುವ ಉತ್ಸಾಹ ನನಗೆ ಸರಿಯೆನಿಸುವುದಿಲ್ಲ. ಎರಡೂ ತಂಡಗಳ ಮುಖ್ಯಸ್ಥರಿಗೆ ಒಂದು ಬಿಡಿ ಚಾನೆಲ್ ಮೀಸಲಿಟ್ಟು ಅವನ್ನು ಜೋಡಿಸುವುದು ಮೇಲು.

ಇದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಏರ್ ಫ್ಲಾರಿಡಾ ವಿಮಾನವೊಂದು ಸೇತುವೆಗೆ ಬಡಿದು ಹಿಮಗಟ್ಟಿದ ಪೊಟೊಮ್ಯಾಕ್ ನದಿಗೆ ಬಿದ್ದಿತು. ಅರ್ಧ ಗಂಟೆಯಲ್ಲೇ ಅದೇ ನಗರದಲ್ಲಿ ಮೆಟ್ರೋ ರೈಲು ಹಳಿ ತಪ್ಪಿತು. ಧಾವಿಸಿದ ದಳಗಳಿಗೆ ಪರಸ್ಪರ ಮಾತನಾಡಲಾಗಲಿಲ್ಲ. ಆಮೇಲೆ ಸುತ್ತಲಿನ ಆಡಳಿತಗಳು ಕೂತು ಒಪ್ಪಂದಗಳನ್ನು ಮಾಡಿಕೊಂಡವು. 2001ರಲ್ಲಿ ಪೆಂಟಗನ್ ಮೇಲೆ ದಾಳಿಯಾದಾಗ ಮೊದಲು ಬಂದ ನೆರೆಹೊರೆಯ ಅಗ್ನಿಶಾಮಕ ದಳಗಳಿಗೆ ಅದರ ಫಲ ಸಿಕ್ಕಿತು. ಅಲ್ಲಿಯೂ ಚಾನೆಲ್ಲುಗಳು ಕಿಕ್ಕಿರಿದು, ಚೀಟಿ ಹಿಡಿದು ಓಡುವವರನ್ನು ಬಳಸಬೇಕಾಯಿತು. ಇನ್ನೊಂದು ಅಡ್ಡಿ ಭಾಷೆಯದು. ಅಮೆರಿಕದ ದಳಗಳು ಹತ್ತರಿಂದ ಆರಂಭವಾಗುವ ಸಂಖ್ಯಾ ಸಂಕೇತಗಳಲ್ಲಿ ಮಾತನಾಡುತ್ತಿದ್ದವು. ಒಂದೇ ಸಂಖ್ಯೆಗೆ ಊರೂರಿಗೆ ಬೇರೆ ಅರ್ಥ. ಹಲವು ದಳಗಳು ಸೇರುವ ಕಡೆ ಸಾದಾ ಮಾತನ್ನೇ ಆಡಬೇಕೆಂದು 2006ರಿಂದ ನಿಯಮವಾಯಿತು.

ಅಮೆರಿಕ 2012ರಲ್ಲಿ ಕಾನೂನು ಮಾಡಿ ತುರ್ತು ಸೇವೆಗಳಿಗಾಗಿಯೇ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 20 ಮೆಗಾಹರ್ಟ್ಸ್ ಮೀಸಲಿಟ್ಟು 'ಫಸ್ಟ್‌ನೆಟ್' ಎಂಬ ಮೊಬೈಲ್ ಜಾಲವನ್ನು ಸ್ಥಾಪಿಸಿತು. ಫೋನಿನ ಗುಂಡಿ ಒತ್ತಿ ವಾಕಿ-ಟಾಕಿಯಂತೆ ಮಾತನಾಡುವ ಮಾನಕವೂ 2016ರಲ್ಲಿ ಸಿದ್ಧವಾಯಿತು. ಆದರೆ ಮೊಬೈಲ್ ಗೋಪುರದ ಸಂಕೇತ ನೆಲಮಾಳಿಗೆಗೆ ಇಳಿಯದಿದ್ದರೆ, ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವ ಹಳೆಯ ರೇಡಿಯೋವೇ ಗತಿ. ಆದ್ದರಿಂದ ಫೋನಿನ ಜಾಲಕ್ಕೂ ರೇಡಿಯೋ ಜಾಲಕ್ಕೂ ನಡುವೆ ಈಗಲೂ ಗೇಟ್‌ವೇಗಳಿವೆ, ಮತ್ತು ಅವುಗಳನ್ನು ರಚಿಸುವವರು ಗುಂಡಿಯನ್ನು ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕವನ್ನು ಇಂದಿಗೂ ಹಾಕುತ್ತಿದ್ದಾರೆ.