ಬಾಗಿಲ ಮೇಲಿನ ಆ ಬೋರ್ಡು ಯಾರಿಗಾಗಿ?

“ನಮ್ಮಪ್ಪನಿಗೆ ಅಂಥಾದ್ದೇನು ಬಂದಿದೆ ಅಂತ ಬೇರೆ ರೂಮಿಗೆ ಹಾಕಿದ್ದೀರಿ?” ಸೋಂಕು ನಿಯಂತ್ರಣದ ಕೆಲಸ ನೋಡಿಕೊಳ್ಳುವ ನರ್ಸ್ ಆಗಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಬಾಗಿಲಿಗೆ ಬೋರ್ಡು, ಒಳಗೆ ಹೋಗುವವರಿಗೆ ಗೌನು, ಗ್ಲೌಸು. ಇದನ್ನೆಲ್ಲ ಕಂಡು ಮನೆಯವರಿಗೆ ಭಯಕ್ಕಿಂತ ಹೆಚ್ಚಾಗಿ ಅವಮಾನ ಆಗುತ್ತದೆ.

ಆದರೆ ಇದು ಮಡಿ-ಮೈಲಿಗೆಯ ವಿಷಯವಲ್ಲ. ಎಂಆರ್‌ಎಸ್‌ಎ, ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಆಸ್ಪತ್ರೆಯಲ್ಲಿ ಹರಡುವುದು ಮುಖ್ಯವಾಗಿ ಕೈಗಳಿಂದ. ಮಂಚದ ಸರಳು, ಡ್ರಿಪ್ ಸ್ಟ್ಯಾಂಡು, ಬಾಗಿಲ ಹಿಡಿಕೆಗಳ ಮೇಲೆ ಅವು ದಿನಗಟ್ಟಲೆ ಬದುಕಬಲ್ಲವು. ಆರೋಗ್ಯವಾಗಿರುವವರ ಮೈಮೇಲೆ ಏನೂ ತೊಂದರೆ ಕೊಡದೆ ಕೂತಿರಬಹುದು. ಅದೇ ಬ್ಯಾಕ್ಟೀರಿಯಾ ಪಕ್ಕದ ಬೆಡ್ಡಿನವರ ಆಪರೇಷನ್ ಗಾಯಕ್ಕೋ, ಮೂತ್ರದ ಪೈಪಿಗೋ ಸೇರಿದರೆ ಕೆಲಸ ಮಾಡುವ ಔಷಧ ಒಂದೋ ಎರಡೋ ಉಳಿದಿರುತ್ತದೆ, ಕೆಲವೊಮ್ಮೆ ಅದೂ ಇಲ್ಲ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಇಂಥ ಸೋಂಕುಗಳಿಂದಲೇ ಸತ್ತರು ಅಂತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಆ ಬೋರ್ಡು ಇರುವುದು ಆ ಪಕ್ಕದ ಬೆಡ್ಡಿನವರಿಗಾಗಿ.

ಹಾಗಾದರೆ ನೋಡಲು ಹೋದವರು ಏನು ಮಾಡಬೇಕು?

ರೂಮಿನೊಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ ಕೈ ಶುಚಿ ಮಾಡಿ. ಸ್ಯಾನಿಟೈಸರ್ ಆದರೆ 20–30 ಸೆಕೆಂಡು, ಕೈ ಒಣಗುವ ತನಕ ಉಜ್ಜಿ. ಸೋಪು-ನೀರಾದರೆ ಒಟ್ಟು 40–60 ಸೆಕೆಂಡು ಬೇಕು. ರೋಗಿಗೆ ‘ಸಿ. ಡಿಫ್’ ಭೇದಿ ಇದೆ ಅಂತ ಹೇಳಿದ್ದರೆ ಸೋಪು-ನೀರೇ ಆಗಬೇಕು. ಅದರ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ.

ಗ್ಲೌಸ್ ಹಾಕಿದ್ದೀನಿ, ಕೈ ತೊಳೆಯೋದು ಬೇಡ ಅಂದ್ಕೋಬೇಡಿ. ಬಿಚ್ಚುವಾಗಲೇ ಕೈಗೆ ಅಂಟುವ ಸಾಧ್ಯತೆ ಹೆಚ್ಚು. ಗೌನು, ಗ್ಲೌಸನ್ನು ಅಲ್ಲೇ ಬಿಚ್ಚಿಡಿ. ಹಾಕಿಕೊಂಡೇ ಕ್ಯಾಂಟೀನಿಗೆ ಹೋಗಬೇಡಿ. ಮಂಚದ ಮೇಲೆ ಕೂರಬೇಡಿ, ಮೊಬೈಲನ್ನು ಹಾಸಿಗೆ ಮೇಲೆ ಇಡಬೇಡಿ. ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬರನ್ನೂ ನೋಡಬೇಕಿದ್ದರೆ ಅವರನ್ನು ಮೊದಲು ನೋಡಿಕೊಂಡು ಬನ್ನಿ. ನಿಮಗೇ ಜ್ವರವೋ ಭೇದಿಯೋ ಇದ್ದರೆ ಆವತ್ತು ವಿಡಿಯೋ ಕಾಲ್ ಸಾಕು.

ಇಷ್ಟು ಪಾಲಿಸಿದರೆ ರೋಗಿಯ ಕೈ ಹಿಡಿದು ಧಾರಾಳವಾಗಿ ಮಾತಾಡಬಹುದು. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೂ ತಟ್ಟೆ-ಲೋಟ ಬೇರೆ ಇಟ್ಟು ದೂರ ಕೂರಿಸಬೇಕಿಲ್ಲ. ಸಾಮಾನ್ಯ ಶುಚಿತ್ವ, ಕೈ ತೊಳೆಯುವ ಅಭ್ಯಾಸ ಇದ್ದರೆ ಸಾಕಾಗುತ್ತದೆ. ಮುಂದೆ ಬೇರೆ ಆಸ್ಪತ್ರೆಗೆ ಸೇರಿಸುವಾಗ ಮಾತ್ರ ಹಳೇ ಕಲ್ಚರ್ ರಿಪೋರ್ಟ್ ಮರೆಯದೆ ತೋರಿಸಿ.

ಕೊನೆಯದಾಗಿ, ನಮ್ಮನ್ನೂ ಕೇಳಿ. “ಸಿಸ್ಟರ್, ಕೈ ಕ್ಲೀನ್ ಮಾಡ್ಕೊಂಡ್ರಾ?” ಡಾಕ್ಟರಿಗೂ ಇದೇ ಪ್ರಶ್ನೆ ಹಾಕಬಹುದು. ಇಪ್ಪತ್ತು ರೋಗಿಗಳ ನಡುವೆ ಓಡಾಡುವ ಕೈಗಳು ನಮ್ಮವು. ಕೇಳಿದರೆ ಬೇಜಾರು ಮಾಡಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.