ಮಲೆನಾಡಿನ ಪಾಠಶಾಲೆಗಳೂ ಬಯಲುಸೀಮೆಯ ಅಳತೆಗೋಲೂ

ಹಾಸನ ಜಿಲ್ಲೆಯ ಪಶ್ಚಿಮದಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಸ್ಥಿತಿಗತಿಗಳನ್ನು ಬಲ್ಲ ನಮ್ಮ ವಾಚಕರಿಗೆ, ಅಲ್ಲಿನ ಗ್ರಾಮವೆಂದರೆ ಬಯಲುಸೀಮೆಯ ಊರಿನಂತೆ ಒಂದೆಡೆ ಕೂಡಿರುವ ಮನೆಗಳ ಸಮೂಹವಲ್ಲವೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಗುಡ್ಡದ ಓರೆಯಲ್ಲಿ ನಾಲ್ಕು ಮನೆ, ಗದ್ದೆಯ ಆಚೆ ದಡದಲ್ಲಿ ಮೂರು ಮನೆ, ಕಾಫಿ ತೋಟದ ನಡುವೆ ಕೂಲಿಕಾರರ ಲೈನುಮನೆಗಳು, ಹೀಗೆ ಚದುರಿದ ಒಕ್ಕಲುಗಳೇ ಸೇರಿ ಅಲ್ಲಿ ಗ್ರಾಮವೆನಿಸಿಕೊಳ್ಳುತ್ತವೆ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಿಯೂ, ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ, ಪಾಳ್ಯ ಮುಂತಾದ ಹೋಬಳಿಗಳಲ್ಲಿಯೂ ಇರುವ ಚಿಕ್ಕ ಸರ್ಕಾರಿ ಪಾಠಶಾಲೆಗಳು ಇಂಥ ಒಕ್ಕಲುಗಳ ಮಕ್ಕಳಿಗಾಗಿಯೇ ಹುಟ್ಟಿದವು. ಅವುಗಳಲ್ಲಿ ಮಕ್ಕಳ ಸಂಖ್ಯೆ ಅಲ್ಪವಾಗಿರುವುದಕ್ಕೆ ಆ ಭೂಮಿಯ ಸ್ವಭಾವವೇ ಮೊದಲ ಕಾರಣ. ಆದರೆ ಸರ್ಕಾರದ ಅನುದಾನವಾಗಲಿ, ಉಪಾಧ್ಯಾಯರ ಹಂಚಿಕೆಯಾಗಲಿ, ಶಾಲೆಯನ್ನು ಉಳಿಸುವ ಅಥವಾ ಮುಚ್ಚುವ ವಿಚಾರವಾಗಲಿ ತಲೆಯೆಣಿಕೆಯನ್ನೇ ಮುಖ್ಯಾಧಾರವಾಗಿ ಮಾಡಿಕೊಂಡಿದೆ. ಬಯಲಿಗೆ ಒಪ್ಪುವ ಅಳತೆಗೋಲಿನಿಂದ ಮಲೆನಾಡನ್ನು ಅಳೆದರೆ ಉಂಟಾಗುವ ಅನರ್ಥವನ್ನು ಈ ದಿನ ಸರ್ಕಾರದ ಮತ್ತು ಮಹಾಜನರ ಗಮನಕ್ಕೆ ತರಬಯಸುತ್ತೇವೆ.

ಪ್ರಜೆಗಳ ಮಕ್ಕಳಿಗೆ ಅಕ್ಷರವನ್ನು ಕಲಿಸುವುದು ರಾಜ್ಯದ ಹೊಣೆಯೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿಯೇ, ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವನ್ನು ಮಾಡಿತು. 2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿದ್ಯಾಭ್ಯಾಸವನ್ನು ಮೂಲಭೂತ ಹಕ್ಕಾಗಿ ಮಾಡಿತು. 2009ರಲ್ಲಿ ಅಂಗೀಕೃತವಾದ ಶಿಕ್ಷಣ ಹಕ್ಕು ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಒಂದು ಕಾಲದಲ್ಲಿ ಸರ್ಕಾರದ ಅನುಗ್ರಹವಾಗಿದ್ದುದು ಈಗ ಮಗುವಿನ ಸ್ವತ್ತಾಗಿದೆ. ಸ್ವತ್ತನ್ನು ಕೊಡಬೇಕಾದವರು ಅದನ್ನು ದಾರಿ ಇಲ್ಲದ ಕಡೆ ಇಟ್ಟು, ಬಂದು ತೆಗೆದುಕೊಂಡು ಹೋಗೆಂದು ಹೇಳುವುದು ನ್ಯಾಯವಾಗಲಾರದು.

ದಾರಿಯ ಮಾತನ್ನೇ ಮೊದಲು ವಿಚಾರಿಸೋಣ. ಕಿರಿಯ ತರಗತಿಗಳ ಶಾಲೆಯು ಮಗುವಿನ ವಾಸಸ್ಥಳದಿಂದ ಒಂದು ಕಿಲೋಮೀಟರಿನೊಳಗೂ, ಆರರಿಂದ ಎಂಟನೆಯ ತರಗತಿಯ ಶಾಲೆಯು ಮೂರು ಕಿಲೋಮೀಟರಿನೊಳಗೂ ಇರಬೇಕೆಂಬುದು ನಿಯಮ. ನಕ್ಷೆಯ ಮೇಲಿನ ಒಂದು ಕಿಲೋಮೀಟರು ಈ ಸೀಮೆಯಲ್ಲಿ ಹಳ್ಳವನ್ನು ಬಳಸಿ, ಏರನ್ನು ಹತ್ತಿ, ತೋಟದ ಬೇಲಿಯನ್ನು ಸುತ್ತಿ ಎರಡು ಮೂರು ಪಟ್ಟಾಗುವುದುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯ ಅಬ್ಬರ. ಆ ದಿನಗಳಲ್ಲಿ ಶಾಲೆಗಳಿಗೆ ರಜೆ ಸಾರಬೇಕಾಗಿ ಬರುವುದು ಸಕಲೇಶಪುರದವರಿಗೆ ವಾಡಿಕೆಯ ವಿಷಯ. ಇದಲ್ಲದೆ ಕಾಡಾನೆಗಳ ಭಯವೂ ಇದೆ. ಉಚ್ಚ ನ್ಯಾಯಾಲಯದ ಆಜ್ಞೆಯಂತೆ ರಚಿತವಾದ ಆನೆ ಕಾರ್ಯಪಡೆಯು 2012ರಲ್ಲಿ ವರದಿಯನ್ನೊಪ್ಪಿಸಿತು. 2014ರಲ್ಲಿ ಆಲೂರು, ಸಕಲೇಶಪುರದ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಉಪದ್ರವವು ನಿಂತಿಲ್ಲ. ಮುಂಜಾನೆಯ ಮಂಜಿನಲ್ಲಿ ಏಳು ವರ್ಷದ ಮಗುವನ್ನು ಆ ದಾರಿಯಲ್ಲಿ ಒಂಟಿಯಾಗಿ ಕಳುಹಿಸಲು ಯಾವ ತಾಯಿತಾನೇ ಧೈರ್ಯ ಮಾಡಿಯಾಳು?

ಕಾನೂನನ್ನು ರಚಿಸಿದವರು ಇದನ್ನು ಯೋಚಿಸದೆ ಇರಲಿಲ್ಲ. ಕೇಂದ್ರ ಸರ್ಕಾರದವರು 2010ರಲ್ಲಿ ಮಾಡಿದ ನಿಯಮಗಳಲ್ಲಿ, ದುರ್ಗಮವಾದ ನೆಲ, ಭೂಕುಸಿತ, ಪ್ರವಾಹ, ರಸ್ತೆಯ ಅಭಾವ ಮತ್ತು ಎಳೆಯ ಮಕ್ಕಳಿಗೆ ದಾರಿಯಲ್ಲಿ ಅಪಾಯವಿರುವ ಕಡೆ ಈ ದೂರದ ಮಿತಿಯನ್ನು ಇನ್ನೂ ಕಡಮೆ ಮಾಡಬೇಕೆಂದೂ, ಶಾಲೆಯಿಲ್ಲದ ಚಿಕ್ಕ ಒಕ್ಕಲುಗಳ ಮಕ್ಕಳಿಗೆ ವಾಹನ ಅಥವಾ ವಸತಿಯ ಏರ್ಪಾಡು ಮಾಡಬೇಕೆಂದೂ ಸ್ಪಷ್ಟವಾಗಿ ಬರೆದಿದ್ದಾರೆ. ಆದುದರಿಂದ ಮಲೆನಾಡಿನವರು ಬೇಡುವುದು ದಯೆಯನ್ನಲ್ಲ, ಕಾನೂನಿನ ತತ್ವವನ್ನು. ಕಿಲೋಮೀಟರಿನ ಲೆಕ್ಕವನ್ನು ಮಾತ್ರ ಓದಿ, ಅದರ ಪಕ್ಕದ ವಾಕ್ಯವನ್ನು ಓದದೆ ಬಿಡುವುದು ಅಧಿಕಾರಿವರ್ಗಕ್ಕೆ ಶೋಭಿಸದು.

ಇನ್ನು ಉಪಾಧ್ಯಾಯರ ವಿಷಯ. ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು 2009ರ ಕಾಯಿದೆಯ ಅನುಸೂಚಿಯೇ ಹೇಳುತ್ತದೆ. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು ಅದರ 26ನೆಯ ಕಲಮು ವಿಧಿಸುತ್ತದೆ. ಇಬ್ಬರಿರಬೇಕಾದಲ್ಲಿ ಒಬ್ಬರೇ ಇದ್ದರೆ ಕೊರತೆಯು ನೂರಕ್ಕೆ ಐವತ್ತಾಯಿತು! ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬರೇ ಐದು ತರಗತಿಗಳಿಗೆ ಪಾಠ ಹೇಳಬೇಕು. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಹಾಜರಿ ಪುಸ್ತಕ ಇವನ್ನೆಲ್ಲ ಬರೆಯಬೇಕು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಗಣಕದ ಮಾಹಿತಿಯನ್ನೂ ತುಂಬಿಸಬೇಕು. ತಾಲ್ಲೂಕು ಕೇಂದ್ರದ ಸಭೆಗೋ, ತರಬೇತಿಗೋ, ಚುನಾವಣೆಯ ಕೆಲಸಕ್ಕೋ ಅವರು ಹೊರಟ ದಿನ ಪಾಠವೇ ಇಲ್ಲ. ಇದನ್ನು ಕಂಡು ಅನುಕೂಲವಿದ್ದ ಪೋಷಕರು ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ. ಸಂಖ್ಯೆ ಇಳಿಯುತ್ತದೆ; ಇಳಿದ ಸಂಖ್ಯೆಯೇ ಮುಂದೆ ಎರಡನೆಯ ಉಪಾಧ್ಯಾಯರನ್ನು ಕೊಡದಿರುವುದಕ್ಕೆ ನೆಪವಾಗುತ್ತದೆ. ಕೊನೆಗೆ ಶಾಲೆಯಲ್ಲಿ ಉಳಿಯುವವರು ಬಡವರ ಮಕ್ಕಳು ಮಾತ್ರ.

ಉಪಾಧ್ಯಾಯರನ್ನು ದೂಷಿಸುವುದು ಸುಲಭ. ಆದರೆ ಸರ್ಕಾರದ ವೇತನಕ್ರಮವೇ ಅವರನ್ನು ಪೇಟೆಯ ಕಡೆಗೆ ಎಳೆಯುವಂತಿದೆ. 2024ರ ಪರಿಷ್ಕರಣದಂತೆ ಮಹಾನಗರದಲ್ಲಿರುವ ನೌಕರರಿಗೆ ಮನೆಬಾಡಿಗೆಯ ಭತ್ಯೆಯು ಮೂಲವೇತನದ ಶೇಕಡಾ 20. ಸಣ್ಣ ಊರುಗಳಲ್ಲಿರುವವರಿಗೆ ಶೇಕಡಾ 7.5. ಪೇಟೆಯ ಬಾಡಿಗೆ ಹೆಚ್ಚೆಂಬುದು ನಿಜ. ಆದರೆ ಬಾಡಿಗೆಗೆ ಮನೆಯೇ ಸಿಕ್ಕದ ಊರಿನಲ್ಲಿ ದಿನವೂ ದೂರದಿಂದ ಬಂದು ಹೋಗುವವರ ಕಷ್ಟವನ್ನು ಈ ಲೆಕ್ಕವು ಕಾಣದು. ಖಾಲಿ ಸ್ಥಾನಗಳನ್ನು ಅತಿಥಿ ಶಿಕ್ಷಕರಿಂದ ತುಂಬುತ್ತಾರೆ. 2025-26ರ ಆಯವ್ಯಯದಲ್ಲಿ ಇವರ ಮಾಸಿಕ ಗೌರವಧನಕ್ಕೆ 2,000 ರೂಪಾಯಿಗಳನ್ನು ಹೆಚ್ಚಿಸಿದುದು ಸಂತೋಷದ ವಿಷಯವೇ. ಆದರೂ ವರ್ಷವರ್ಷವೂ ಹೊಸದಾಗಿ ನೇಮಕವಾಗಿ ಬೇಸಿಗೆಯಲ್ಲಿ ನಿರುದ್ಯೋಗಿಯಾಗುವವರಿಂದ ಸ್ಥಿರವಾದ ಸೇವೆಯನ್ನು ನಿರೀಕ್ಷಿಸುವುದು ಹೇಗೆ?

ಧನದ ಹಂಚಿಕೆಯಲ್ಲಿಯೂ ಇದೇ ನ್ಯಾಯ. ಸಮಗ್ರ ಶಿಕ್ಷಣ ಯೋಜನೆಯ 2021ರ ಪರಿಷ್ಕೃತ ನಿಯಮಗಳು, 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, ಸಾವಿರ ಮೀರಿದರೆ ಒಂದು ಲಕ್ಷ ಎಂದು ಶಾಲಾನುದಾನವನ್ನು ಗೊತ್ತುಮಾಡಿದವು. ಹತ್ತು ಸಾವಿರವೆಂದರೆ ತಿಂಗಳಿಗೆ 833 ರೂಪಾಯಿ. ಅದರಲ್ಲಿ ಹತ್ತನೆಯ ಒಂದು ಭಾಗವಾದರೂ ಶುಚಿತ್ವಕ್ಕೆ ಮೀಸಲು. ಮಕ್ಕಳು ಎಂಟೇ ಇರಲಿ ಎಂಬತ್ತೇ ಇರಲಿ, ಮಲೆನಾಡಿನ ಮಳೆಯು ಮಾಡಿನ ಮೇಲೆ ಒಂದೇ ಸಮನಾಗಿ ಸುರಿಯುತ್ತದೆ. ಒಡೆದ ಹೆಂಚು, ಕುಂಬಾದ ಪಕಾಸಿ, ಪಾಚಿ ಹಿಡಿದ ಗೋಡೆಗಳು ಮಕ್ಕಳ ಸಂಖ್ಯೆಯನ್ನು ಕೇಳುವುದಿಲ್ಲ.

ಎಣಿಕೆಯ ದಿನದ ವಿಷಯವಾಗಿಯೂ ಒಂದು ಮಾತು ಹೇಳಬೇಕಾಗಿದೆ. ದೇಶದ ಶಾಲೆಗಳ ಅಂಕಿ ಅಂಶಗಳಿಗೆ ಸೆಪ್ಟೆಂಬರ್ 30ನ್ನು ಆಧಾರದಿನವಾಗಿ ಇಟ್ಟುಕೊಂಡಿದ್ದಾರೆ. ಕಾಫಿಯ ಕೊಯ್ಲಾದರೋ ನವೆಂಬರಿನ ಸುಮಾರಿಗೆ ಮೊದಲಾಗಿ ಫೆಬ್ರವರಿಯನ್ನು ದಾಟುತ್ತದೆ. ಉತ್ತರ ಕರ್ನಾಟಕದಿಂದಲೂ, ತಮಿಳು ಸೀಮೆಯಿಂದಲೂ, ದೂರದ ಅಸ್ಸಾಮಿನಿಂದಲೂ ಕೂಲಿಯವರು ಸಂಸಾರ ಸಮೇತರಾಗಿ ಬಂದು ಲೈನುಮನೆಗಳು ತುಂಬುವುದು ಎಣಿಕೆ ಮುಗಿದ ಮೇಲೆ. ವರ್ಗಾವಣೆಯ ಪತ್ರವಿಲ್ಲವೆಂಬ ಕಾರಣಕ್ಕೆ ಇಂಥ ಮಕ್ಕಳ ಪ್ರವೇಶವನ್ನು ತಡೆಯಕೂಡದೆಂದು ಕಾಯಿದೆಯ 5ನೆಯ ಕಲಮು ಹೇಳುತ್ತದೆ. ಆದರೆ ತೋಟದ ಸಮೀಪದ ಶಾಲೆಯೇ ಮುಚ್ಚಿಹೋದರೆ ಪ್ರವೇಶ ಎಲ್ಲಿಗೆ? ಆ ಮಕ್ಕಳಿಗೆ ಕನ್ನಡದ ಓನಾಮವನ್ನು ಕಲಿಸುವ ಸ್ಥಳವು ಆ ಒಂದು ಕೊಠಡಿಯಲ್ಲದೆ ಬೇರೆ ಇಲ್ಲ. ತೋಟದ ಕೆಲಸಗಾರರ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದಲ್ಲಿ ಮಾಲಿಕರಿಂದ ವಿದ್ಯಾಭ್ಯಾಸದ ಏರ್ಪಾಡು ಮಾಡಿಸಲು ರಾಜ್ಯಗಳಿಗೆ ಅಧಿಕಾರವನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಕೊಟ್ಟಿತ್ತೆಂಬುದನ್ನು ತೋಟಗಾರ ಮಹನೀಯರೂ ನೆನೆಯುವುದು ಉಚಿತ.

ಪ್ರತಿಪಕ್ಷದವರ ವಾದವನ್ನು ನಾವು ಅರಿಯದವರಲ್ಲ. ಐದಾರು ಮಕ್ಕಳ ಶಾಲೆಯಲ್ಲಿ ಜತೆಯ ಆಟವಿಲ್ಲ, ಸ್ಪರ್ಧೆಯಿಲ್ಲ, ವೆಚ್ಚವೋ ಅಧಿಕ, ಒಂದನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ಒಂದೇ ಆವರಣದಲ್ಲಿ ನಡೆಯುವ, 2018ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಂಥ ದೊಡ್ಡ ಸಂಸ್ಥೆಗಳಿಗೆ ಈ ಮಕ್ಕಳನ್ನು ಸೇರಿಸಿದರೆ ಪ್ರಯೋಗಶಾಲೆ, ಆಟದ ಬಯಲು, ವಿಷಯಕ್ಕೊಬ್ಬ ಉಪಾಧ್ಯಾಯರು ದೊರೆಯುತ್ತಾರೆ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ದೊಡ್ಡ ಶಾಲೆಗೆ ನಾವು ವಿರೋಧಿಗಳಲ್ಲ. ಆದರೆ ವಾಹನವು ಬರುವ ಮೊದಲೇ ಬಾಗಿಲಿಗೆ ಬೀಗ ಬಿದ್ದರೆ ಮಗು ತಲುಪುವುದು ದೊಡ್ಡ ಶಾಲೆಯನ್ನಲ್ಲ, ತೋಟದ ಕೆಲಸವನ್ನು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವುಂಟು. ಬಸ್ಸೇ ಬಾರದ ಏರುದಾರಿಯಲ್ಲಿ ಅದರಿಂದ ಫಲವೇನು?

ಆದಕಾರಣ ಸರ್ಕಾರದವರಲ್ಲಿ ನಾವು ನಾಲ್ಕು ವಿಷಯಗಳನ್ನು ವಿಜ್ಞಾಪಿಸಿಕೊಳ್ಳುತ್ತೇವೆ. ಮಲೆನಾಡಿನಲ್ಲಿ ಶಾಲೆಯ ದೂರವನ್ನು ಮಗು ನಡೆಯುವ ದಾರಿಯಿಂದಲೇ ಅಳೆಯತಕ್ಕದ್ದು. ಮಳೆ, ಹಳ್ಳ, ಆನೆಗಳ ಅಪಾಯವನ್ನು ಆ ಲೆಕ್ಕಕ್ಕೆ ಸೇರಿಸತಕ್ಕದ್ದು. ಉಳಿಸಿಕೊಂಡ ಶಾಲೆ ಎಷ್ಟೇ ಚಿಕ್ಕದಾಗಿರಲಿ ಇಬ್ಬರು ಉಪಾಧ್ಯಾಯರನ್ನು ಕೊಟ್ಟು, ಅವರಿಗೆ ವಸತಿಯನ್ನೂ ಗುಡ್ಡಗಾಡಿನ ವಿಶೇಷ ಭತ್ಯೆಯನ್ನೂ ಒದಗಿಸತಕ್ಕದ್ದು. ಕಟ್ಟಡದ ದುರಸ್ತಿಗೆ ತಲೆಯೆಣಿಕೆಯನ್ನು ಬಿಟ್ಟು ಮಳೆಯನ್ನೂ ಕಟ್ಟಡದ ಸ್ಥಿತಿಯನ್ನೂ ನೋಡಿ ಹಣ ಕೊಡತಕ್ಕದ್ದು. ಯಾವ ಶಾಲೆಯನ್ನಾದರೂ ಇನ್ನೊಂದರೊಡನೆ ಸೇರಿಸುವುದಿದ್ದರೆ, ಕೊಯ್ಲಿನ ಕಾಲದಲ್ಲಿ ಇನ್ನೊಮ್ಮೆ ಮಕ್ಕಳನ್ನು ಎಣಿಸಿ, ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು, ವಾಹನವು ಒಂದು ಮಳೆಗಾಲವನ್ನು ತಪ್ಪದೆ ಓಡಿದ ಮೇಲೆಯೇ ಸೇರಿಸತಕ್ಕದ್ದು.

ಇವುಗಳಿಗೆ ತಗಲುವ ಧನವು ರಾಜ್ಯದ ಬೊಕ್ಕಸಕ್ಕೆ ಭಾರವಾಗುವಂಥದಲ್ಲ. ಹಾಸನದ ಕಚೇರಿಗಳಲ್ಲಿರುವ ಅಧಿಕಾರಿಗಳು ಆಷಾಢದ ಒಂದು ಬೆಳಿಗ್ಗೆ ಹೆತ್ತೂರಿನ ಕಡೆಯ ಒಂದು ಶಾಲೆಗೆ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಹೋಗಿ ನೋಡಲಿ. ಅನಂತರ ಅವರು ಬರೆಯುವ ವರದಿಯನ್ನು ಸರ್ಕಾರವು ನಿರ್ಣಯಕ್ಕೆ ಆಧಾರವಾಗಿ ತೆಗೆದುಕೊಂಡರೆ ನಮ್ಮ ಆಕ್ಷೇಪಣೆಯೇನೂ ಇರುವುದಿಲ್ಲ.