ರಾತ್ರಿಯ ಉಸಿರು, ಹಗಲಿನ ಬುದ್ಧಿ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಹೋಗುವ ಕಾಯಿಲೆಯನ್ನು ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಕನಿಷ್ಠ 10 ಸೆಕೆಂಡು ಉಸಿರು ತಡೆದು ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದ್ದಂತೆ ಮಿದುಳು ಕ್ಷಣಕಾಲ ಎಚ್ಚೆತ್ತು ಗಂಟಲನ್ನು ತೆರೆಸುತ್ತದೆ. ಮಲಗಿದವರಿಗೆ ಇದರ ಅರಿವಿರುವುದಿಲ್ಲ, ಗೊರಕೆ ಥಟ್ಟನೆ ನಿಂತು ಏದುಸಿರಿನೊಡನೆ ಮತ್ತೆ ಶುರುವಾಗುವುದು ಮನೆಯವರಿಗೆ ಮಾತ್ರ ಕೇಳಿಸುತ್ತದೆ. ಪೂರ್ಣ ಮತ್ತು ಭಾಗಶಃ ತಡೆಗಳು ಸೇರಿ ಗಂಟೆಗೆ 30 ಮುಟ್ಟಿದರೆ ಕಾಯಿಲೆ ತೀವ್ರವೆಂದು ಲೆಕ್ಕ. ಹೀಗೆ ತುಂಡುತುಂಡಾದ ನಿದ್ರೆ ಹಗಲಿನಲ್ಲಿ ತೂಕಡಿಕೆಯಾಗಿ, ಗಮನದ ಕೊರತೆಯಾಗಿ, ಮರೆವಾಗಿ ಹೊರಬೀಳುತ್ತದೆ. ಮುಂಬೈ ಮತ್ತು ಮಂಗಳೂರಿನ ಹೆದ್ದಾರಿಗಳು ಕವಲೊಡೆಯುವ ನೆಲಮಂಗಲದಲ್ಲಿ ಲಾರಿ ಓಡಿಸುವವರು, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹಗಲಿರುಳೆನ್ನದೆ ಟ್ಯಾಕ್ಸಿ ನಡೆಸುವವರು, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಕಡಿದ ಎಳೆಯ ಮೇಲೆ ಕಣ್ಣಿಟ್ಟ ನೇಕಾರರು, ಇವರೆಲ್ಲರ ಅನ್ನ ಎಚ್ಚರದ ಮೇಲೆಯೇ ನಿಂತಿರುವುದರಿಂದ ಈ ಕಾಯಿಲೆಯನ್ನು ಬರೀ ಗೊರಕೆಯೆಂದು ಕಡೆಗಣಿಸುವುದು ಅಪಾಯಕರ.

ಮೂಗಿಗೆ ತೊಡಿಸಿದ ಮಾಸ್ಕಿನ ಮೂಲಕ ಸಣ್ಣ ಯಂತ್ರವೊಂದು ಒತ್ತಡದ ಗಾಳಿಯನ್ನು ರಾತ್ರಿಯಿಡೀ ಹಾಯಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಚಿಕಿತ್ಸೆಯನ್ನು ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ತೂಕಡಿಕೆಗೆ ಇದು ನಂಬಲರ್ಹ ಮದ್ದು. ಬುದ್ಧಿಶಕ್ತಿಯ ವಿಷಯ ಅಷ್ಟು ಸರಳವಲ್ಲ. ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಯಂತ್ರವನ್ನೂ ಇನ್ನೊಂದಕ್ಕೆ ಒತ್ತಡವಿಲ್ಲದ ತೋರಿಕೆಯ ಯಂತ್ರವನ್ನೂ ಕೊಟ್ಟು ಆರು ತಿಂಗಳು ಗಮನಿಸಿದ ಆಪಲ್ಸ್ ಎಂಬ ಅಮೆರಿಕದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಲಿಕೆ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾಹಿತಿಯನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಕೆಲಸ ಮಾಡುವ ಸಾಮರ್ಥ್ಯ ಎರಡನೇ ತಿಂಗಳಲ್ಲಿ ಸ್ವಲ್ಪ ಚುರುಕಾಗಿದ್ದರೂ ಆರನೇ ತಿಂಗಳಿಗೆ ಆ ಅಂತರ ಉಳಿಯಲಿಲ್ಲ.

ಇದರಿಂದ ಚಿಕಿತ್ಸೆ ವ್ಯರ್ಥವೆಂದು ತೀರ್ಮಾನಿಸುವುದು ಆತುರವಾದೀತು, ಏಕೆಂದರೆ ಅನೇಕರು ಮಾಸ್ಕನ್ನು ನಡುರಾತ್ರಿಯಲ್ಲೇ ಕಳಚಿಡುತ್ತಾರೆ. ನೆನಪು ಕುಂದಿದ್ದ ರೋಗಿಗಳನ್ನು ಮೂರು ತಿಂಗಳು ಗಮನಿಸಿ 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರಾತ್ರಿಗೆ ಸರಾಸರಿ ಆರು ಗಂಟೆಗೂ ಹೆಚ್ಚು ಮಾಸ್ಕ್ ಧರಿಸಿದವರ ನೆನಪು ಸಹಜ ಮಟ್ಟಕ್ಕೆ ಮರಳುವ ಸಾಧ್ಯತೆ, ಹೆಚ್ಚುಕಡಿಮೆ ಧರಿಸದೇ ಇದ್ದವರಿಗಿಂತ ಬಹಳ ಹೆಚ್ಚಾಗಿತ್ತು. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಕುಗ್ಗಿದ್ದ ಬೂದುದ್ರವ್ಯ ಮೂರು ತಿಂಗಳ ಚಿಕಿತ್ಸೆಯ ಬಳಿಕ ಹೆಚ್ಚಿದ್ದನ್ನು ಇಟಲಿಯ ಸಂಶೋಧಕರು 2011ರಲ್ಲಿ ವರದಿ ಮಾಡಿದರು, ಆದರೆ ಅದು ಕೆಲವೇ ರೋಗಿಗಳ ಅಧ್ಯಯನ.

ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಚಾಲಕನಿಗೂ ನೇಕಾರನಿಗೂ ಆ ಹಗಲಿನ ನಿದ್ರೆಯಲ್ಲೇ ಮಾಸ್ಕ್ ಬೇಕು. ಎಷ್ಟು ಗಂಟೆ ಧರಿಸಲಾಯಿತೆಂಬುದನ್ನು ಇಂದಿನ ಯಂತ್ರಗಳು ತಾವೇ ದಾಖಲಿಸಿಕೊಳ್ಳುತ್ತವೆ; ಚಿಕಿತ್ಸೆ ಆರಂಭಿಸಿಯೂ ಮರೆವು ಹೋಗಿಲ್ಲವೆಂದು ಬರುವ ರೋಗಿಯಲ್ಲಿ ವೈದ್ಯರು ಮೊದಲು ನೋಡಬೇಕಾದದ್ದು ಆ ದಾಖಲೆಯನ್ನೇ.